‘ಅಂತೆ’ ಉದುರುವ ಗಳಿಗೆ: ಮಗುವಿನ ಆಟದೊಳಗಿಂದ ಕರಾಳ ಕಥೆ ಬರೆಯುವ ಬಗೆ

ಮಕ್ಕಳು ಕಲ್ಪನೆಯ ಆಟ ಶುರುಮಾಡುವಾಗ ಆಡುವ ಮಾತನ್ನು ಕಿವಿಗೊಟ್ಟು ಕೇಳಿ. ‘ನಾನು ಡಾಕ್ಟರ್ ಅಂತೆ, ನೀನು ಪೇಷೆಂಟ್ ಅಂತೆ. ನಿಂಗೆ ತುಂಬಾ ಜ್ವರ ಅಂತೆ.’ ದೊಡ್ಡವರ ಬಾಯಲ್ಲಿ ಇದೇ ‘ಅಂತೆ’ ಕೇಳಿದ ಸುದ್ದಿಗೆ ಅಂಟಿಕೊಳ್ಳುತ್ತದೆ. ‘ಅವರಿಗೆ ಜ್ವರ ಅಂತೆ’ ಎಂದರೆ ನಾನು ಕಂಡಿಲ್ಲ, ಯಾರೋ ಹೇಳಿದರು ಎಂದರ್ಥ. ಮಗು ಅದೇ ಪದದಿಂದ ಒಂದು ಲೋಕ ಕಟ್ಟುತ್ತದೆ. ಪದ ಇರುವ ತನಕ ಆಟ ಇರುತ್ತದೆ. ಅದು ಉದುರಿದ ಕೂಡಲೇ ಮಾತು ನಿಜವಾಗಿಬಿಡುತ್ತದೆ.

ಮಗುವಿನ ಆಟವನ್ನು ಇಟ್ಟುಕೊಂಡು ಕರಾಳವಾದ ಸಣ್ಣಕಥೆ ಬರೆಯಲು ಕೂತವರಿಗೆ ಕನ್ನಡ ಕೊಟ್ಟಿರುವ ದೊಡ್ಡ ಸಲಕರಣೆ ಇದು. ಕತ್ತಲ ಮನೆ, ಕೆಂಪು ಕಣ್ಣಿನ ಗೊಂಬೆ, ಗೋಡೆಯಾಚೆಯ ನಗು ಯಾವುದೂ ಇದರ ಹತ್ತಿರಕ್ಕೂ ಬರುವುದಿಲ್ಲ. ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ನಿಮ್ಮ ಎದುರಿಗೇ ಕಟ್ಟುತ್ತ ಹೋಗುತ್ತೇನೆ. ಹೆಜ್ಜೆಗಳನ್ನು ಅದರಿಂದಲೇ ಹಿಡಿಯೋಣ.

ವಯಸ್ಸು ಮೊದಲು

‘ಒಂದು ಪುಟ್ಟ ಹುಡುಗಿ’ ಎಂದು ಶುರುಮಾಡಿದರೆ ಕಥೆ ಅಲ್ಲೇ ಸಡಿಲವಾಗುತ್ತದೆ. ಒಂದೂವರೆ ವರ್ಷದ ಕೂಸು ಖಾಲಿ ಲೋಟ ಎತ್ತಿ ಕುಡಿಯುವ ಹಾಗೆ ಮಾಡುತ್ತದೆ, ಅಷ್ಟೇ ಅದರ ಆಟ. ಮೂರರ ಮಗು ಬೇರೆಯವರ ಆಟದೊಳಗೆ ನುಗ್ಗುತ್ತದೆ, ಆದರೆ ಪಾತ್ರದಲ್ಲಿ ನಿಲ್ಲುವುದಿಲ್ಲ. ನಾಲ್ಕೈದರಲ್ಲಿ ಪಾತ್ರ ಹಂಚುವುದು ಬರುತ್ತದೆ. ಆರೇಳರ ಹೊತ್ತಿಗೆ ಆಟಕ್ಕಿಂತ ನಿಯಮದ ಜಗಳವೇ ಹೆಚ್ಚು. ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥ ಸಾಂಕೇತಿಕ ಆಟ ಬೆಳೆಯುವ ಕಾಲವನ್ನು ಸುಮಾರು 2ರಿಂದ 7 ವರ್ಷ ಎಂದು ಗುರುತಿಸಿದ್ದ. ನಮ್ಮ ಕಥೆಗೆ ಇಬ್ಬರು ಬೇಕು: 7 ವರ್ಷದ ಅಕ್ಕ, 3 ವರ್ಷದ ತಮ್ಮ. ಅವಳು ನಿಯಮವನ್ನು ಪ್ರಾಣದ ಹಾಗೆ ಕಾಯುವ ವಯಸ್ಸಿನವಳು, ಅವನಿಗೆ ನಿಯಮ ಎಂದರೇನೆಂದೇ ಗೊತ್ತಿಲ್ಲ. ಕಥೆಯ ಅರ್ಧ ಕೆಲಸವನ್ನು ಈ ನಾಲ್ಕು ವರ್ಷದ ಅಂತರವೇ ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕಾಣದ ಗೆಳೆಯನ ಜೊತೆ ಮಾತಾಡುವ ಮಗುವನ್ನು ತೋರಿಸಿದರೆ ಸಾಕು, ಓದುಗರು ಬೆಚ್ಚುತ್ತಾರೆ ಎಂದು ಹಲವರು ನಂಬಿದ್ದಾರೆ. ಮನೋವಿಜ್ಞಾನಿ ಮಾರ್ಜರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 7 ವರ್ಷದೊಳಗೆ ಸುಮಾರು 65% ಮಕ್ಕಳಿಗೆ ಇಂಥ ಒಬ್ಬ ಕಲ್ಪನೆಯ ಸಂಗಾತಿ ಇದ್ದದ್ದು ಕಂಡಿತ್ತು. ಗೊಂಬೆಗೆ ಜೀವ ಕೊಟ್ಟು ಸಾಕಿಕೊಂಡದ್ದೂ ಈ ಲೆಕ್ಕದಲ್ಲಿ ಸೇರಿದೆ. ಅಂದರೆ ಮೂವರಲ್ಲಿ ಇಬ್ಬರು ಮಕ್ಕಳು ಮಾಡುವ ಕೆಲಸ ಇದು. ‘ಯಾರ ಜೊತೆ ಮಾತಾಡ್ತಿದ್ದೀಯ?’ ಎಂಬ ಪ್ರಶ್ನೆಯನ್ನೇ ನೆಚ್ಚಿಕೊಂಡ ಕಥೆಗಳು ಬೇಗ ಸೋಲುವುದು ಇದಕ್ಕೇ. ತುಂಬು ಆರೋಗ್ಯದ ಮಗುವಿನ ಸಹಜ ಅಭ್ಯಾಸವನ್ನು ಅವು ಭೂತ ಮಾಡಹೊರಡುತ್ತವೆ.

ಕಥೆಗಿಂತ ಮುಂಚೆ ನಿಯಮ ಬರೆಯಿರಿ

ಇದು ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಹೆಜ್ಜೆ. ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ 1933ರ ಉಪನ್ಯಾಸವೊಂದರಲ್ಲಿ, ಕಲ್ಪನೆಯ ಸನ್ನಿವೇಶ ಇರುವ ಪ್ರತಿ ಆಟದೊಳಗೂ ನಿಯಮ ಇದ್ದೇ ಇರುತ್ತದೆ ಎಂದು ತೋರಿಸಿದ. ಅವನು ಎತ್ತಿಕೊಂಡ ಉದಾಹರಣೆ ನನ್ನನ್ನು ಬಿಟ್ಟುಹೋಗುವುದೇ ಇಲ್ಲ. 5 ಮತ್ತು 7 ವರ್ಷದ ಅಕ್ಕತಂಗಿಯರು ಒಂದು ದಿನ ‘ಬಾ, ಅಕ್ಕತಂಗಿ ಆಟ ಆಡೋಣ’ ಎಂದು ಕೂಡಿದರಂತೆ. ನಿಜವಾಗಿ ಇರುವುದನ್ನೇ ಅವರು ಆಟವಾಗಿ ಆಡಿದರು. ದಿನವೂ ಅಕ್ಕತಂಗಿಯಾಗಿ ಇರುವಾಗ ಗಮನಕ್ಕೇ ಬಾರದ ನಡೆನುಡಿಗಳು ಆಟದಲ್ಲಿ ಪಾಲಿಸಲೇಬೇಕಾದ ನಿಯಮಗಳಾದವು.

ನಮ್ಮ ಕಥೆಯ ಬೀಜ ಅಲ್ಲಿದೆ. ಮಗು ರಾಕ್ಷಸನನ್ನೋ ಮಾಯಾಲೋಕವನ್ನೋ ಆಡಬೇಕಿಲ್ಲ. ಮನೆಯಲ್ಲಿ ನಡೆಯುತ್ತಿರುವುದನ್ನೇ ಆಡಲಿ.

ನಮ್ಮ ಹುಡುಗಿಯ ಆಟದ ಹೆಸರು ‘ನಿದ್ದೆ ಆಸ್ಪತ್ರೆ’. ಹಾಳೆಯ ಮೇಲೆ ನಾನು ಬರೆದುಕೊಂಡ ನಿಯಮಗಳು ಹೀಗಿವೆ. ಒಳಕೋಣೆ ಆಸ್ಪತ್ರೆ. ಅಲ್ಲಿ ಮಲಗಿದವರನ್ನು ಎಬ್ಬಿಸಬಾರದು, ಅವರೇ ಏಳಬೇಕು. ಹಜಾರದಲ್ಲಿ ತುದಿಗಾಲಲ್ಲಿ ನಡೆಯಬೇಕು. ಯಾರಾದರೂ ಬಾಗಿಲು ಬಡಿದರೆ ನರ್ಸ್ ಮಾತ್ರ ಮಾತಾಡಬೇಕು. ನರ್ಸ್ ಅಂದರೆ ಅವಳೇ. ತಮ್ಮ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಈಗ ಒಂದೊಂದು ನಿಯಮದ ಎದುರಿಗೂ ಕೇಳಿಕೊಳ್ಳಿ: ಇದು ಮಗುವಿಗೆ ಎಲ್ಲಿಂದ ಬಂತು? ‘ಎಬ್ಬಿಸಬಾರದು’ ಎಂಬುದು ಅಮ್ಮನದೇ ಮಾತು. ‘ತಲೆ ಸಿಡೀತಿದೆ ಕಣೇ, ಸ್ವಲ್ಪ ಹೊತ್ತು ಮಲಗ್ತೀನಿ. ಎಬ್ಬಿಸ್ಬೇಡ. ತಮ್ಮನ್ನ ನೋಡ್ಕೋ.’ ಉತ್ತರ ಸಿಗದ ನಿಯಮವನ್ನು ಹೊಡೆದುಹಾಕಿ. ಅದು ಮಗುವಿನದಲ್ಲ, ಓದುಗರನ್ನು ಹೆದರಿಸಲು ನೀವು ತುರುಕಿದ್ದು.

ಆಟದಡಿಯ ಸತ್ಯವನ್ನು ಗಂಟೆ ಗಂಟೆಗೆ ಗುರುತು ಮಾಡಿಕೊಳ್ಳಿ

ಅಮ್ಮ ಮತ್ತೆ ಏಳುವುದಿಲ್ಲ. ಕಥೆಯಲ್ಲಿ ಈ ವಾಕ್ಯ ಎಲ್ಲೂ ಬರಬಾರದು, ‘ಸತ್ತಳು’ ಎಂಬ ಪದವೂ ಸುಳಿಯಬಾರದು. ಆದರೆ ನಿಮಗೆ ಅದು ಗಡಿಯಾರದ ಮುಳ್ಳಿನಷ್ಟು ಖಚಿತವಾಗಿ ಗೊತ್ತಿರಬೇಕು. ಕಥೆ ಒಂದೇ ಹಗಲಿನದು. ಬೆಳಿಗ್ಗೆ ಎಂಟಕ್ಕೆ ಮಲಗಿದಳು, ಒಂಬತ್ತರ ಹೊತ್ತಿಗೆ ಎಲ್ಲ ಮುಗಿದಿದೆ. ಇಷ್ಟು ಗೊತ್ತಾದ ಮೇಲೆ ದೇಹದ ಲೆಕ್ಕ ತಪ್ಪಬಾರದು. ಸಾವಿನ ನಂತರದ ಬಿಗಿತ ಸಾಮಾನ್ಯವಾಗಿ 2ರಿಂದ 6 ಗಂಟೆಯೊಳಗೆ ಕಾಣಿಸಿಕೊಂಡು ಸುಮಾರು 12 ಗಂಟೆಯ ಹೊತ್ತಿಗೆ ಇಡೀ ಮೈಗೆ ಹರಡುತ್ತದೆ. ಮೈ ತಣ್ಣಗಾಗಲೂ ಗಂಟೆಗಳೇ ಹಿಡಿಯುತ್ತವೆ. ಹತ್ತಕ್ಕೆ ಮಂಚದಿಂದ ಕೈ ಸಡಿಲವಾಗಿ ಜಾರಬಹುದು, ಸಂಜೆ ಜಾರಲಾರದು. ಬೆಳಿಗ್ಗೆ ಮುಟ್ಟಿದರೆ ಇನ್ನೂ ಬೆಚ್ಚಗಿದೆ, ಸಂಜೆಗೆ ತಣ್ಣಗೆ. ಇಂಥ ಪುರಾವೆಗಳನ್ನು ಜೋಡಿಸಿ ಸತ್ಯ ಕಂಡುಕೊಳ್ಳಬೇಕಾದವರು ಓದುಗರು. ಒಂದು ಪುರಾವೆ ಸುಳ್ಳಾದರೂ ಅವರು ಕಥೆಯ ಕೈ ಬಿಡುತ್ತಾರೆ.

ಆಟ ಮತ್ತು ಸತ್ಯ ಹೀಗೆ ಮೇಲೆ ಕೆಳಗೆ ಕೂರುವುದು ಬರಹಗಾರರ ಕಲ್ಪನೆಯೇನಲ್ಲ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ 1920ರಲ್ಲಿ ತನ್ನ ಒಂದೂವರೆ ವರ್ಷದ ಮೊಮ್ಮಗನ ಆಟವೊಂದನ್ನು ದಾಖಲಿಸಿದ. ದಾರ ಕಟ್ಟಿದ ಮರದ ಉರುಳೆಯನ್ನು ಮಗು ತೊಟ್ಟಿಲಿನ ಅಂಚು ದಾಟಿಸಿ ಒಳಗೆ ಎಸೆಯುತ್ತಿತ್ತು, ‘ಹೋಯ್ತು’ ಎಂಬರ್ಥದ ಸದ್ದು ಮಾಡುತ್ತಿತ್ತು, ಮತ್ತೆ ಎಳೆದುಕೊಂಡು ‘ಇಲ್ಲಿದೆ’ ಎಂದು ಹಿಗ್ಗುತ್ತಿತ್ತು. ತಾಯಿ ಬಿಟ್ಟುಹೋಗುವುದನ್ನು ಮಗು ಆಟದಲ್ಲಿ ತನ್ನ ಕೈವಶ ಮಾಡಿಕೊಳ್ಳುತ್ತಿದೆ ಎಂದು ಫ್ರಾಯ್ಡ್ ಅರ್ಥೈಸಿದ. ಆ ಅರ್ಥವನ್ನು ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಕಥೆಗಾರರಿಗೆ ಬೇಕಾದದ್ದು ಆ ದಾರ. ಎಳೆದರೆ ವಾಪಸ್ ಬರಬೇಕು ಎಂಬ ನಂಬಿಕೆ.

ಇನ್ನೊಂದು ಕಡೆ ಲೆನೋರ್ ಟೆರ್ ಎಂಬ ಮನೋವೈದ್ಯೆ ಕಂಡದ್ದಿದೆ. 1976ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 26 ಮಕ್ಕಳನ್ನು ಬಸ್ಸಿನ ಚಾಲಕನ ಸಮೇತ ಅಪಹರಿಸಿ, ನೆಲದಡಿ ಹೂತಿಟ್ಟ ವಾಹನದ ಡಬ್ಬದೊಳಗೆ ಕೂಡಿಹಾಕಲಾಗಿತ್ತು. ಎಲ್ಲರೂ ಬದುಕಿ ಹೊರಬಂದರು. ಆಮೇಲೆ ಆ ಮಕ್ಕಳ ಆಟವನ್ನು ಗಮನಿಸಿದ ಟೆರ್ ಅದರ ಗುರುತುಗಳನ್ನು ಬರೆದಿಟ್ಟರು: ಅದೇ ಆಟ ಮತ್ತೆ ಮತ್ತೆ, ಬದಲಾವಣೆ ಇಲ್ಲ, ಖುಷಿ ಇಲ್ಲ, ಆಡಿದ ಮೇಲೆ ಹಗುರವಾಗುವುದೂ ಇಲ್ಲ. ತಮ್ಮ ಆಟಕ್ಕೂ ನಡೆದ ಘಟನೆಗೂ ನಂಟಿದೆ ಎಂಬುದು ಮಕ್ಕಳಿಗೆ ಹೊಳೆಯದೆಯೂ ಇರುತ್ತಿತ್ತು.

ಈ ಎರಡರ ನಡುವಿನ ದಾರಿಯೇ ನಿಮ್ಮ ಕಥೆಯ ನಡೆ. ಮೊದಲ ಪುಟದಲ್ಲಿ ಆಟಕ್ಕೆ ಹಿಗ್ಗು ಇರಲಿ: ಬಿಳಿ ಟವೆಲ್ ತಲೆಗೆ ಸುತ್ತಿಕೊಂಡ ನರ್ಸ್, ಪೆನ್ನಿನ ಥರ್ಮಾಮೀಟರ್, ತಮ್ಮನ ಗೊಂಬೆಗೆ ಸೂಜಿ. ಹೊಸ ಹೊಸ ನಿಯಮಗಳು ಹುಟ್ಟಲಿ. ಮಧ್ಯಾಹ್ನದ ಹೊತ್ತಿಗೆ ಹೊಸದು ಹುಟ್ಟುವುದು ನಿಲ್ಲಲಿ. ಸಂಜೆಗೆ ಬರೀ ಹಳೆಯ ನಿಯಮದ ಪುನರಾವರ್ತನೆ. ಖುಷಿ ಯಾವ ಸಾಲಿನಲ್ಲಿ ಆರಿತು ಎಂದು ನೀವು ಹೇಳಬೇಡಿ, ಆರಿರುವುದು ಕಾಣಲಿ.

ಮಗುವನ್ನು ಕೆಟ್ಟದು ಮಾಡಬೇಡಿ

ಕ್ರೂರಿ ಮಗುವಿನ ಕಥೆ ಬರೆಯುವುದು ಸುಲಭ, ಮರೆಯುವುದೂ ಸುಲಭ. ನಮ್ಮ ಹುಡುಗಿ ಮಾಡುತ್ತಿರುವುದು ಕೊಟ್ಟ ಮಾತು ಉಳಿಸಿಕೊಳ್ಳುವ ಕೆಲಸ. ಅಮ್ಮ ಎಬ್ಬಿಸಬೇಡ ಎಂದಿದ್ದಾಳೆ, ಅವಳು ಎಬ್ಬಿಸುತ್ತಿಲ್ಲ. ಅವಳ ಒಳ್ಳೆಯತನ ಹೆಚ್ಚಿದಷ್ಟೂ ಕಥೆ ಕಪ್ಪಾಗುತ್ತದೆ.

ಹಾಗಾದರೆ ಅವಳಿಗೆ ಗೊತ್ತಿದೆಯೇ ಇಲ್ಲವೇ? ಮನೋವಿಜ್ಞಾನಿ ಪಾಲ್ ಹ್ಯಾರಿಸ್ ಮತ್ತು ಜೊತೆಗಾರರು 1991ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆರವಿಗೆ ಬರುತ್ತದೆ. 4 ಮತ್ತು 6 ವರ್ಷದ ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿ, ಇದರೊಳಗೆ ಒಂದು ಪ್ರಾಣಿ ಇದೆ ಎಂದು ಕಲ್ಪಿಸಿಕೊಳ್ಳಲು ಹೇಳಿದರು. ಪೆಟ್ಟಿಗೆ ಖಾಲಿ, ಇದು ಬರೀ ಆಟ ಎಂದು ಮಕ್ಕಳೇ ಹೇಳಿದರು. ಆದರೂ ಒಬ್ಬರೇ ಇದ್ದಾಗ ಹಲವರು ಹೋಗಿ ಪೆಟ್ಟಿಗೆ ಮುಟ್ಟಿ ನೋಡಿದರು. ಒಳಗೆ ಭಯಾನಕ ಪ್ರಾಣಿ ಎಂದು ಕಲ್ಪಿಸಿಕೊಂಡ ಕೆಲವರಂತೂ ದೊಡ್ಡವರನ್ನು ಕೋಣೆ ಬಿಟ್ಟು ಹೋಗಲು ಬಿಡಲಿಲ್ಲ. ಗೊತ್ತಿರುವುದು, ನಂಬುವುದು ಎರಡೂ ಒಂದೇ ತಲೆಯಲ್ಲಿ ಒಟ್ಟಿಗೆ ಇರಬಲ್ಲವು. ನಮ್ಮ ಹುಡುಗಿಗೂ ಗೊತ್ತಿದೆ, ಗೊತ್ತಿಲ್ಲ. ಈ ಗಂಟನ್ನು ಬಿಡಿಸಲು ಹೋಗಬೇಡಿ.

ದನಿ

ನನಗೆ ಬಹಳ ಸಲ ಕಾಣುವ ತಪ್ಪು ಈ ಬಗೆಯದು: ‘ಆ ಕೋಣೆಯ ನಿಗೂಢ ಮೌನ ಅವಳ ಪುಟ್ಟ ಎದೆಯನ್ನು ಹಿಂಡಿತು.’ ಇಲ್ಲಿ ಮಗು ಇಲ್ಲ, ಮಗುವಿನ ಪಕ್ಕ ನಿಂತು ಹೆದರುತ್ತಿರುವ ಬರಹಗಾರ ಇದ್ದಾನೆ. ಬದಲಿಗೆ ಹೀಗೆ:

‘ಫ್ಯಾನ್ ತಿರುಗುತ್ತಿತ್ತು. ಅಮ್ಮನ ಕೈ ಮಂಚದಿಂದ ಕೆಳಗೆ ಬಂದಿತ್ತು. ನರ್ಸ್ ಅದನ್ನು ಎತ್ತಿ ಮೇಲಿಟ್ಟಳು. ಅದು ಮತ್ತೆ ಕೆಳಗೆ ಬಂತು. ಪೇಷೆಂಟ್ ತುಂಟಿ ಎಂದು ನರ್ಸ್ ಬರೆದುಕೊಂಡಳು.’

ನಿರೂಪಣೆಯೂ ಅವಳನ್ನು ‘ನರ್ಸ್’ ಎಂದೇ ಕರೆಯುತ್ತಿದೆ, ಗಮನಿಸಿ. ಕಥೆ ಹೇಳುವವರು ಆಟದ ನಿಯಮಕ್ಕೆ ಒಪ್ಪಿಕೊಂಡಿದ್ದಾರೆ. ಇದನ್ನು ಮೊದಲ ಸಾಲಿನಿಂದ ಪಾಲಿಸಿದರೆ ಕೊನೆಯಲ್ಲಿ ನಿಮ್ಮ ಕೈಯಲ್ಲೊಂದು ದೊಡ್ಡ ಬದಲಾವಣೆ ಉಳಿದಿರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

‘ನಾನು’ ಎಂದು ಮಗುವಿನ ಬಾಯಲ್ಲೇ ಹೇಳಿಸಬಹುದೇ? ಹೇಳಿಸಬಹುದು, ಆದರೆ ಏಳು ವರ್ಷದ ನುಡಿಯನ್ನು ಹತ್ತು ಪುಟ ಸುಳ್ಳಾಗದೆ ಹೊರುವುದು ಕಷ್ಟ. ಅವಳ ಹೆಗಲ ಹಿಂದೆಯೇ ನಡೆಯುವ, ‘ಅವಳು’ ಎಂದು ಹೇಳುವ ಪ್ರಥಮ ಪುರುಷದ ನಿರೂಪಣೆ ಒಳ್ಳೆಯದೆಂದು ನನ್ನ ಅನುಭವ. ಅವಳಿಗೆ ಕಂಡಷ್ಟೇ ಕಾಣಲಿ, ಅವಳ ಎತ್ತರದಿಂದಲೇ ಕಾಣಲಿ. ಬಾಗಿಲಿಗೆ ಬಂದ ದೊಡ್ಡವರ ಮುಖಕ್ಕಿಂತ ಮೊದಲು ಚಪ್ಪಲಿ. ಹೊತ್ತನ್ನು ಗಡಿಯಾರದಿಂದ ಹೇಳಬೇಡಿ, ಕಿಟಕಿಯ ಬಿಸಿಲು ನೆಲದ ಮೇಲೆ ಎಲ್ಲಿಗೆ ಬಂತು ಎಂಬುದರಿಂದ, ತಮ್ಮ ಎಷ್ಟನೇ ಸಲ ಹಸಿವು ಎಂದ ಎಂಬುದರಿಂದ ಹೇಳಿ.

ಬಾಗಿಲು ತಟ್ಟುವ ದೊಡ್ಡವರು

ಇಂಥ ಕಥೆಗೆ ಹೊರಗಿನ ಒಬ್ಬರು ಬಂದು ಹೋಗಲೇಬೇಕು, ಇಲ್ಲದಿದ್ದರೆ ಓದುಗರು ‘ಯಾರೂ ಬರಲಿಲ್ಲವೇ?’ ಎಂದು ಕೇಳುತ್ತಾರೆ. ಬಂದವರು ದಡ್ಡರಾಗಿರಬಾರದು, ನಿರ್ದಯಿಗಳೂ ಆಗಿರಬಾರದು. ಮಕ್ಕಳೆಂದರೆ ಪ್ರೀತಿ ಇರುವವರಾಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು.

‘ಅಮ್ಮ ಎಲ್ಲಿ ಪುಟ್ಟಿ?’
‘ಮಲಗಿದಾಳೆ ಅಂತೆ.’
‘ಅಂತೆ? ಯಾರು ಹೇಳಿದ್ರು ನಿಂಗೆ?’
‘ನರ್ಸ್.’
ಪಕ್ಕದ ಮನೆ ಆಂಟಿ ಟವೆಲ್ ನೋಡಿದರು, ನಕ್ಕರು. ‘ಓಹೋ, ಆಟಾನಾ! ಎದ್ಮೇಲೆ ನಾನು ಬಂದಿದ್ದೆ ಅಂತ ಹೇಳಮ್ಮ ನರ್ಸಮ್ಮ.’
‘ಹೇಳ್ತೀನಿ,’ ಅಂದಳು ನರ್ಸ್.

ಬಾಗಿಲಲ್ಲಿ ನಿಂತವರು ಆ ‘ಅಂತೆ’ಯನ್ನು ಮೊದಲು ಸುದ್ದಿಯೆಂದುಕೊಂಡರು, ಮರುಗಳಿಗೆ ಆಟವೆಂದುಕೊಂಡರು. ಸಹಾಯದ ಕೈ ಮನೆಬಾಗಿಲಿಗೆ ಬಂದು, ಮಗುವಿನ ಮೇಲಿನ ಅಕ್ಕರೆಯಿಂದಲೇ ತಿರುಗಿಹೋಯಿತು. ಈ ದೃಶ್ಯ ಕಥೆಯ ಮಧ್ಯಕ್ಕಿಂತ ಸ್ವಲ್ಪ ಮುಂಚೆ ಬರಲಿ. ಕಥೆಯ ಸತ್ಯ ಆ ಹೊತ್ತಿಗೆ ಓದುಗರಿಗೆ ಅರ್ಧ ಗೊತ್ತಾಗಿರಬೇಕು, ಕೂಗಿ ಹೇಳಬೇಕು ಅನ್ನಿಸಬೇಕು. ಇದಾದ ಮೇಲೆ ಬೇರೆ ದೊಡ್ಡವರು ಬೇಡ. ಫೋನು ಒಂದೆರಡು ಸಲ ಬಡಿದುಕೊಂಡು ಸುಮ್ಮನಾದರೆ ಸಾಕು.

ಲೆಕ್ಕಕ್ಕಿಲ್ಲದವನು

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ನಾವು ದಿನವೂ ಹಗುರಾಗಿ ಆಡುತ್ತೇವೆ. ಚಿಕ್ಕವನು ಅಳಬಾರದೆಂದು ಸೇರಿಸಿಕೊಳ್ಳುತ್ತೇವೆ, ಅವನು ಔಟಾದರೂ ಔಟಲ್ಲ. ಕಥೆಗಾರರು ಈ ಮಾತನ್ನು ಒಂದು ಸಲ ಪೂರ್ತಿ ನಂಬಿ ನೋಡಬೇಕು. ಲೆಕ್ಕಕ್ಕಿಲ್ಲದವನಿಗೆ ನಿಯಮ ತಾಗುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದವಳನ್ನು ನರ್ಸ್ ಎಬ್ಬಿಸಲಾರಳು, ಎಬ್ಬಿಸಿದರೆ ಮಾತು ಮುರಿದ ಹಾಗೆ. ತಮ್ಮ ಎಬ್ಬಿಸಬಲ್ಲ. ಅವನಿಗೆ ಹಸಿವಾಗಿದೆ, ಅಮ್ಮ ಬೇಕು.

ಮೂರು ವರ್ಷದವನಿಗೆ ಇನ್ನೊಂದು ಗುಣವಿದೆ. ಆಟದ ‘ಅಂತೆ’ ಅವನ ನಾಲಿಗೆಗೆ ಇನ್ನೂ ಕೂತಿಲ್ಲ. ಬೆಳಿಗ್ಗೆಯಿಂದ ಅಕ್ಕ ಅವನಿಗೆ ಅದನ್ನು ಕಲಿಸುತ್ತಲೇ ಇದ್ದಾಳೆ, ‘ನಾನು ಡ್ರೈವರ್’ ಅಂದಾಗಲೆಲ್ಲ ‘ಡ್ರೈವರ್ ಅಂತೆ ಅನ್ನು’ ಎಂದು ತಿದ್ದಿದ್ದಾಳೆ. ಈ ತಿದ್ದುವಿಕೆ ಮೊದಲ ಪುಟದಲ್ಲಿ ನಗುವಿನ ಜೊತೆ ಒಮ್ಮೆ, ನಡುವೆ ಇನ್ನೊಮ್ಮೆ ಬಂದಿರಲಿ. ಎರಡಕ್ಕಿಂತ ಹೆಚ್ಚು ಬೇಡ, ಗುಟ್ಟು ಬಯಲಾಗುತ್ತದೆ.

ಅವನು ಒಳಗೆ ಹೋದಾಗ ನೀವು ಹಿಂದೆ ಹೋಗಬೇಡಿ. ಅಕ್ಕನ ಜೊತೆ ಹಜಾರದಲ್ಲೇ ನಿಲ್ಲಿ. ಮಂಚ ಕಿರುಗುಟ್ಟಿತು, ಅವನು ಹತ್ತಿದ. ಸದ್ದಿಲ್ಲ. ಮತ್ತೆ ಕಿರುಗುಟ್ಟಿತು, ಇಳಿದ.

ಕೊನೆ

‘ತಮ್ಮ ತನ್ನ ಅಂಗೈ ನೋಡಿಕೊಳ್ಳುತ್ತ ಬಂದ.
“ಅಮ್ಮ ತಣ್ಣಗಿದಾಳೆ.”
“ತಣ್ಣಗಿದಾಳೆ ಅಂತೆ,” ಅಂದಳು ಅಕ್ಕ.
“ತಣ್ಣಗಿದಾಳೆ.”
“ಅಂತೆ ಅನ್ನು.”’

ಕಥೆಯುದ್ದಕ್ಕೂ ‘ನರ್ಸ್’ ಆಗಿದ್ದವಳನ್ನು ನಿರೂಪಣೆ ಇಲ್ಲಿ ಮೊದಲ ಸಲ ‘ಅಕ್ಕ’ ಎನ್ನುತ್ತದೆ. ಅವಳು ಆಟವನ್ನು ಹಿಡಿದಿಡಲು ಒದ್ದಾಡುತ್ತಿರುವಾಗಲೇ ಕಥೆ ಹೇಳುವವರು ಆಟ ಬಿಟ್ಟು ಹೊರಬಂದಿದ್ದಾರೆ. ಇದರ ಮುಂದೆ ಅವಳ ಅಳು, ಓಡಿಬರುವ ಜನ, ವರ್ಷಗಳ ನಂತರದ ನೆನಪು ಯಾವುದೂ ಬೇಡ. ಬರೆಯಬೇಕೆಂಬ ಆಸೆ ಬಂದೇ ಬರುತ್ತದೆ. ಬೇರೆ ಹಾಳೆಯಲ್ಲಿ ಬರೆದು ಎತ್ತಿಡಿ.

ತಿದ್ದುವಾಗ

ಕರಡನ್ನು ಎರಡು ದಿನ ಬಿಟ್ಟು ತೆಗೆಯಿರಿ. ಮೊದಲ ಕೆಲಸ, ನಿರೂಪಣೆಯಲ್ಲಿ ನೀವೇ ಬಳಸಿದ ‘ಅಂತೆ’ಗಳನ್ನೆಲ್ಲ ಹುಡುಕಿ ತೆಗೆಯುವುದು. ‘ನೆರಳಿನಂತೆ’, ‘ಇದ್ದಕ್ಕಿದ್ದಂತೆ’, ‘ಹೇಳಿದನಂತೆ’ ಎಲ್ಲ ಹೋಗಲಿ. ಹೋಲಿಕೆ ಬೇಕೇ ಬೇಕೆಂದರೆ ‘ಹಾಗೆ’ ಇದೆ. ಈ ಕಥೆಯಲ್ಲಿ ಆ ಪದ ಮಕ್ಕಳ ಬಾಯಲ್ಲಿ ಮಾತ್ರ ಇರಬೇಕು. ‘ಭಯಾನಕ’, ‘ವಿಚಿತ್ರ’, ‘ಏನೋ ಸರಿಯಿಲ್ಲ’ ಇವನ್ನೂ ಹೊಡೆದುಹಾಕಿ. ಮೊದಲು ಬರೆದಿಟ್ಟ ನಿಯಮದ ಹಾಳೆ ಎದುರಿಗಿಟ್ಟುಕೊಂಡು, ಯಾವ ನಿಯಮವನ್ನಾದರೂ ಹುಡುಗಿ ಕಾರಣವಿಲ್ಲದೆ ಮುರಿದಿದ್ದಾಳೆಯೇ ನೋಡಿ.

ನಿಮಗೆ ಗೊತ್ತಿರುವ ಯಾವುದೋ ಮಗುವಿನ ನಿಜವಾದ ಆಟದಿಂದ ಕಥೆ ಹುಟ್ಟಿದ್ದರೆ, ಆ ಮಗುವನ್ನೂ ಮನೆಯನ್ನೂ ಗುರುತು ಸಿಗದಷ್ಟು ಬದಲಾಯಿಸಿ. ಆ ಮಗು ದೊಡ್ಡದಾಗಿ ಇದನ್ನು ಓದಬಹುದು. ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಿಮ್ಮ ಕಣ್ಣೆದುರಿನ ಮಗು ಒಂದೇ ಆಟವನ್ನು ನಗುವಿಲ್ಲದೆ, ಬದಲಾಯಿಸದೆ, ವಾರಗಟ್ಟಲೆ ಆಡುತ್ತಿದ್ದರೆ ಪೆನ್ನು ಕೆಳಗಿಡಿ. ಪಕ್ಕದಲ್ಲಿ ಕೂತು ಮಾತಾಡಿಸಿ, ಮಕ್ಕಳ ಮನಸ್ಸು ತಿಳಿದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕಥೆ ಕಾಯುತ್ತದೆ.

ಕಡೆಯದಾಗಿ, ಕಥೆಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಚೆನ್ನಾಗಿದೆಯೇ ಎಂದು ಕೇಳಬೇಡಿ. ‘ನಿಮಗೆ ಯಾವ ಸಾಲಿನಲ್ಲಿ ಗೊತ್ತಾಯಿತು?’ ಎಂದು ಕೇಳಿ. ಕೈ ಕೆಳಗೆ ಜಾರಿದಾಗ ಎಂದರೆ ಸ್ವಲ್ಪ ಬೇಗವಾಯಿತು, ಆ ವಾಕ್ಯವನ್ನು ಆಟದ ಗದ್ದಲದೊಳಗೆ ಇನ್ನಷ್ಟು ಹುದುಗಿಸಿ. ಕೊನೆಯ ಸಾಲಿನಲ್ಲಿ ಎಂದರೆ ತಡವಾಯಿತು, ಬಾಗಿಲ ದೃಶ್ಯಕ್ಕೆ ಮುಂಚೆ ಇನ್ನೊಂದು ಪುರಾವೆ ಬೇಕು. ಬಾಗಿಲಲ್ಲಿ ಆಂಟಿ ನಕ್ಕಾಗ ಎಂದರೆ ಇನ್ನು ಮುಟ್ಟಬೇಡಿ.